ಯಾವ ಹಂದಿ?

ಹಳಿಯಾಳದ ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ದನಿ ತಗ್ಗಿಸಿ ಹೇಳುತ್ತಿದ್ದರು. ಅಪ್ಪನದು ಕಿರಾಣಿ ಅಂಗಡಿ. ಬೆಳಗಿನ ಲಿಂಗಪೂಜೆ ಮುಗಿಯದೆ ಅದರ ಬಾಗಿಲು ತೆರೆಯುತ್ತಿರಲಿಲ್ಲ. ಅಂಥ ಮನೆಯ ಮಗಳು ಇಲಿಯ ಗುಲ್ಮ, ಬಾವಲಿಯ ಗುಲ್ಮ, ಹಂದಿಯ ಗುಲ್ಮ ಎಂದು ಗುಲ್ಮ ಹಿಡಿದುಕೊಂಡೇ ಜೀವನ ಕಳೆದಳು. ಗುಲ್ಮ ಎಂದರೆ ಹೊಟ್ಟೆಯ ಎಡಮಗ್ಗುಲಿಗಿರುವ ಅಂಗ, ಮಟನ್ ಅಂಗಡಿಯವರು ತಿಲ್ಲಿ ಅನ್ನುತ್ತಾರೆ. ಈಗ ನಿವೃತ್ತಳಾಗಿ ದಾಂಡೇಲಿಯಲ್ಲೇ ಉಳಿದಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಮನೆಗೆ ಬರುತ್ತಾರೆ. ಅವರ ಕೈಯಲ್ಲಿ ಲ್ಯಾಪ್‌ಟಾಪ್ ಇರುತ್ತದೆ, ಚಪ್ಪಲಿಗೆ ಕೆಸರು ಇರುವುದಿಲ್ಲ. ನನಗೆ ಒಳಗೊಳಗೇ ಹೊಟ್ಟೆಕಿಚ್ಚು, ಸ್ವಲ್ಪ ಕನಿಕರವೂ ಹೌದು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲುಗಳ ಕತೆ ಬೇಕಾದವರು ಬೇರೆ ಯಾರನ್ನಾದರೂ ಕೇಳಬಹುದು.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಮೈಯೊಳಗೆ ರೋಗಾಣು ಹೊಕ್ಕರೆ ಅದನ್ನು ಹಿಡಿದು ಕಟ್ಟಿಹಾಕಲು ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ಆ ಪ್ರತಿಕಾಯ ಹೇಗಿರಬೇಕು ಎಂಬುದು ಜೀನುಗಳಲ್ಲಿ ಬರೆದಿರುತ್ತದೆ. ಮರಿಗೆ ಮೊಲೆಯುಣಿಸುವ ಎಲ್ಲ ಪ್ರಾಣಿಗಳಲ್ಲೂ ಈ ಜೀನುಗಳಿವೆ, ಆದರೆ ಬಳಗದಿಂದ ಬಳಗಕ್ಕೆ ವ್ಯತ್ಯಾಸ. ಒಂದರಲ್ಲಿ ಒಂದೇ ಜೀನು ಕಾಲಾಂತರದಲ್ಲಿ ಎರಡಾಗಿ, ನಾಲ್ಕಾಗಿ ಬೆಳೆದಿರುತ್ತದೆ. ಇನ್ನೊಂದರಲ್ಲಿ ಇದ್ದದ್ದೂ ಕಳೆದುಹೋಗಿರುತ್ತದೆ. ಇವುಗಳ ಅಕ್ಷರಗಳನ್ನು ಓದಿ ಒಂದರ ಪಕ್ಕ ಒಂದಿಟ್ಟರೆ ಯಾವ ಪ್ರಾಣಿ ಯಾವುದಕ್ಕೆ ದಾಯಾದಿ, ಯಾರು ಮೊದಲು ಮನೆಯಿಂದ ಬೇರೆಯಾದರು ಎಂದು ಗೊತ್ತಾಗುತ್ತದೆ. ಪ್ರತಿಕಾಯ ತಯಾರಿಸುವ ಕೋಶಗಳು ಗುಲ್ಮದಲ್ಲಿ ತುಂಬಿಕೊಂಡಿರುತ್ತವೆ. ಅದಕ್ಕೇ ನಮಗೆ ಗುಲ್ಮದ ಮೇಲೆ ಅಷ್ಟು ಪ್ರೀತಿ.

ದಾಂಡೇಲಿಯ ನಮ್ಮ ಪುಟ್ಟ ಕೇಂದ್ರಕ್ಕೆ ದೇಸಾಯಿ ಸರ್ ಮುಖ್ಯಸ್ಥರು. ಧಾರವಾಡದವರು, ಎತ್ತರದ ಮನುಷ್ಯ, ಸಿಟ್ಟು ಮೂಗಿನ ತುದಿಯಲ್ಲಿ. ಯಾರಾದರೂ "ಇದು ಬಹುಶಃ" ಎಂದು ಮಾತು ಶುರುಮಾಡಿದರೆ ಸಾಕು, "ಅಂದಾಜನ್ನ ಚಪ್ಪಲಿ ಜೊತಿ ಹೊರಗ ಬಿಟ್ಟು ಬರ್ರಿ" ಅನ್ನುತ್ತಿದ್ದರು. ಅವರದು ಇನ್ನೊಂದು ಕಟ್ಟುನಿಟ್ಟಿನ ನಿಯಮವಿತ್ತು. ನಮ್ಮ ಕೆಲಸಕ್ಕಾಗಿ ಒಂದು ಇಲಿಯನ್ನೂ ಕೊಲ್ಲುವಂತಿಲ್ಲ. ವಾಹನಕ್ಕೆ ಸಿಕ್ಕಿದ್ದು, ನಾಯಿ ಕಚ್ಚಿದ್ದು, ಬಾವಿಗೆ ಬಿದ್ದದ್ದು, ಇಷ್ಟೇ ನಮ್ಮ ಪಾಲು. ಅದಕ್ಕೂ ಪರವಾನಗಿ ಬೇಕಿತ್ತು. ಹಾಗಾಗಿ ನಾವು ಸುದ್ದಿಗಾಗಿ ಕಾಯುತ್ತಿದ್ದೆವು. ಸುದ್ದಿ ಬಂದ ಕೂಡಲೇ ಓಡಬೇಕು, ತಡವಾದರೆ ಗುಲ್ಮದೊಳಗಿನ ಸರಕು ಕೆಟ್ಟುಹೋಗುತ್ತದೆ.

ಸುದ್ದಿ ತರುವವರು ಸಿಮಾಂವಣ್ಣ. ಹಳಿಯಾಳ ತಾಲ್ಲೂಕಿನ ಹಳ್ಳಿಯೊಂದರ ಸಿದ್ದಿ ಜನಾಂಗದವರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಕೇಂದ್ರದಲ್ಲಿ ಕ್ಷೇತ್ರ ಸಹಾಯಕರು. ಸ್ವಲ್ಪ ಗದ್ದೆ, ಮನೆಯ ಹಿಂದೆ ಹಂದಿಗೂಡು, ಭಾನುವಾರ ತಪ್ಪದೆ ಚರ್ಚು. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ನಮ್ಮದೇ ಕನ್ನಡ. ನಗಿಸದೆ ಒಂದು ಗಂಟೆ ಕಳೆಯುವುದು ಅವರಿಗೆ ಆಗದ ಮಾತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸತ್ತ ಕಬ್ಬೆಕ್ಕೊಂದರ ರಕ್ತ ಕಂಡು ನನ್ನ ತಲೆ ತಿರುಗಿದಾಗ, ಮರದಡಿ ಕೂರಿಸಿ ಗಾಳಿ ಬೀಸಿದವರು ಅವರೇ. ಅವರು ನನ್ನನ್ನು ಗೌರವದಿಂದ ಬಾಯಾರು ಎಂದು ಕರೆಯುತ್ತಿದ್ದರು; ಹಾಗೆ ಬೀಸುತ್ತಲೇ, ಬಾಯಾರು ಮೂರ್ಛೆ ಹೋದದ್ದನ್ನು ನೋಡಿ ಆ ಸತ್ತ ಕಬ್ಬೆಕ್ಕು ಗಾಬರಿಯಾಗಿ ಎದ್ದು ಕೂತಿತ್ತು ಎಂದು ಕತೆ ಕಟ್ಟಿದರು. ಆ ಕತೆ ಕೇಂದ್ರದಲ್ಲಿ ವರ್ಷಗಟ್ಟಲೆ ಓಡಿತು.

ಒಮ್ಮೆ ಕುಂಬಾರವಾಡದಿಂದ ಸುದ್ದಿ ಬಂತು. ನಾಯಿಗಳು ಒಂದು ಕುರುಹಂದಿಯನ್ನು ಕೊಂದಿದ್ದವು. ಕುರುಹಂದಿ ಎಂದರೆ ಹಂದಿಯಲ್ಲ. ಮೊಲಕ್ಕಿಂತ ತುಸು ದೊಡ್ಡದಾದ, ಕೋಡಿಲ್ಲದ, ಮೈಮೇಲೆ ಬಿಳಿ ಚುಕ್ಕೆಯ ಪುಟ್ಟ ಪ್ರಾಣಿ. ಕೆಲವರು ಬರಿಂಕ ಅನ್ನುತ್ತಾರೆ. ನಾವಿಬ್ಬರೂ ಹೋಗಿ, ಗುಲ್ಮ ತೆಗೆದು, ದ್ರವ ಸಾರಜನಕದ ಕ್ಯಾನಿನಲ್ಲಿ ಇಳಿಸಿ, ಜೊಯಿಡಾ ಬಸ್ಸಿಗೆ ಕಾಯುತ್ತ ಕೂತೆವು. ಅಲ್ಲಿ ಬಸ್ಸಿಗೆ ಕಾಯುವುದೆಂದರೆ ಒಂದು ಸಣ್ಣ ತಪಸ್ಸು. ಅಷ್ಟರಲ್ಲಿ ಹೆಂಗಸೊಬ್ಬರು ಎಮ್ಮೆ ಹೊಡೆದುಕೊಂಡು ಬಂದು ನನ್ನೆದುರಿಗೇ ನಿಲ್ಲಿಸಿದರು. ಎಮ್ಮೆ ಬೆದೆಗೆ ಬಂದಿದೆ, ಬೇಗ ಇಂಜೆಕ್ಷನ್ ಕೊಡಿ ಎಂದರು. ತಪ್ಪು ಅವರದಲ್ಲ. ದನಕರುಗಳಿಗೆ ಕೃತಕ ಗರ್ಭಧಾರಣೆ ಮಾಡಲು ಬರುವ ಪಶುವೈದ್ಯರ ಕೈಯಲ್ಲೂ ಹೊಗೆಯಾಡುವ ಇಂಥದ್ದೇ ಕ್ಯಾನು ಇರುತ್ತದೆ. ನಾನು ಆ ಡಾಕ್ಟರಲ್ಲ ಎಂದರೆ ನಂಬಲಿಲ್ಲ. ಊರಿಗೆಲ್ಲ ಮಾಡುತ್ತೀರಿ, ನಮ್ಮ ಎಮ್ಮೆ ಏನು ಪಾಪ ಮಾಡಿದೆ ಎಂದು ಕೊಂಕಣಿಯಲ್ಲಿ ಜಗಳಕ್ಕೇ ನಿಂತರು. ಕೊನೆಗೆ ಸಿಮಾಂವಣ್ಣ, ಈ ಬಾಯಾರು ಸತ್ತ ಪ್ರಾಣಿಗಳಿಗೆ ಮಾತ್ರ ಡಾಕ್ಟರು ಎಂದು ಗಂಭೀರವಾಗಿ ತಿಳಿಸಿದರು. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎಮ್ಮೆಯನ್ನು ತಿರುಗಿಸಿಕೊಂಡು ಸರಸರ ನಡೆದುಬಿಟ್ಟರು. ಆ ಎಮ್ಮೆಗೆ ನನ್ನ ದೃಷ್ಟಿ ತಾಗೀತೆಂಬ ಹೆದರಿಕೆ ಇದ್ದಿರಬೇಕು.

ಮನೆಯಲ್ಲಿ ಅವ್ವನದು ಬೇರೆಯೇ ವ್ಯವಸ್ಥೆ. ನಾನು ಸಂಜೆ ಬಸ್ಸಿನಲ್ಲಿ ಹಳಿಯಾಳಕ್ಕೆ ಬಂದರೆ ಹಿತ್ತಲಲ್ಲಿ ಬಿಸಿನೀರಿನ ಹಂಡೆ ಸಿದ್ಧ. ಮಿಂದು, ಸೀರೆ ಬದಲಿಸಿದ ಮೇಲೆಯೇ ಅಡುಗೆಮನೆಗೆ ಪ್ರವೇಶ. ಇವತ್ತು ಏನು ಕೆಲಸ ಎಂದು ಮಾತ್ರ ಅವಳು ಎಂದೂ ಕೇಳಲಿಲ್ಲ. ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಂಗಡಿಗೆ ಬಂದವರು ವಿಚಾರಿಸಿದರೆ, ಮಗಳು ರಕ್ತಪರೀಕ್ಷೆಯ ಇಲಾಖೆಯಲ್ಲಿದ್ದಾಳೆ ಎನ್ನುತ್ತಿದ್ದಳು.

ಇನ್ನು ನಮ್ಮ ಕೇಂದ್ರದ ದೊಡ್ಡ ಎಡವಟ್ಟಿನ ಕತೆ. ಗುಲ್ಮದ ಜೊತೆಗೆ ಪ್ರತಿ ಪ್ರಾಣಿಯ ಮಾಂಸದ ಚೂರೊಂದನ್ನು ಸ್ಪಿರಿಟ್ ತುಂಬಿದ ಸೀಸೆಯಲ್ಲಿ ಬೇರೆಯಾಗಿ ಇಡುತ್ತಿದ್ದೆವು. ಸೀಸೆಯ ಮೇಲೆ ಊರ ಜನ ಕರೆಯುವ ಹೆಸರನ್ನೇ ಕನ್ನಡದಲ್ಲಿ ಬರೆಯಬೇಕೆಂಬುದು ದೇಸಾಯಿ ಸರ್ ಹಟ. ಮಳೆಗಾಲದ ಆರಂಭದಲ್ಲಿ ಒಂದು ಪೆಟ್ಟಿಗೆಯೊಳಗೆ ಸ್ಪಿರಿಟ್ ಸೋರಿತು. ಸೀಸೆಗಳು ಓರೆಯಾಗಿ ಮಲಗಿದ್ದರಿಂದ ಪ್ರತಿ ಚೀಟಿಯ ಎಡಭಾಗ ಮಾತ್ರ ತೊಳೆದುಹೋಗಿತ್ತು. ಉಳಿದದ್ದನ್ನು ಓದಿದರೆ ಒಂದರ ಮೇಲೆ ಹಂದಿ, ಇನ್ನೊಂದರ ಮೇಲೆ ಹಂದಿ, ಮತ್ತೊಂದರ ಮೇಲೆ ಹಂದಿ, ಎಲ್ಲವೂ ಹಂದಿ. ಯೋಚಿಸಿ ನೋಡಿ, ಕನ್ನಡದಲ್ಲಿ ಯಾವುದು ಹಂದಿಯಲ್ಲ? ಮುಳ್ಳಿದ್ದರೆ ಮುಳ್ಳುಹಂದಿ, ಚಿಪ್ಪಿದ್ದರೆ ಚಿಪ್ಪುಹಂದಿ, ಕುಳ್ಳಗಿದ್ದರೆ ಕುರುಹಂದಿ, ಕಾಡಿನಲ್ಲಿದ್ದರೆ ಕಾಡುಹಂದಿ. ಸ್ಪಿರಿಟ್ಟಿನಲ್ಲಿ ಬೆಳ್ಳಗೆ ಬಿಳಿಚಿದ ಚೂರುಗಳನ್ನು ಕಣ್ಣಿನಿಂದ ಗುರುತಿಸುವಂತಿರಲಿಲ್ಲ. ಬೇರೆ ಪೆಟ್ಟಿಗೆಗಳನ್ನು ನೋಡಿ ಊಹಿಸೋಣವೆಂದು ಯಾರೋ ಹೇಳಹೊರಟರು, ಸರ್ ಮುಖ ಕೆಂಪಾಯಿತು. ಜೀನು ಓದಿಯೇ ಹೆಸರು ಕೊಡಿ ಎಂದು ಬಾಗಿಲು ಹಾಕಿಕೊಂಡರು.

ಇಂದಿನವರಿಗೆ ಜೀನು ಓದುವುದು ಎಷ್ಟು ಸುಲಭ! ಕೊರಿಯರ್‌ನಲ್ಲಿ ಸೀಸೆ ಕಳಿಸುತ್ತೀರಿ, ಅಕ್ಷರಗಳು ಮಿಂಚಂಚೆಯಲ್ಲಿ ಬಂದು ಬೀಳುತ್ತವೆ. ಆಗ ಎರಡು ಗಾಜಿನ ಹಲಗೆಗಳ ನಡುವೆ ತೆಳ್ಳಗೆ ಅಂಟು ಹುಯ್ದು, ಗುಳ್ಳೆ ಬಂದರೆ ಬೈದುಕೊಂಡು ಮತ್ತೆ ಹುಯ್ಯಬೇಕಿತ್ತು. ಕರೆಂಟು ಹೋದರೆ ದಿನದ ಕೆಲಸ ನೀರಲ್ಲಿ ಹೋಮ. ಹೋಗದಿದ್ದರೆ ಎಕ್ಸ್‌ರೇ ಹಾಳೆಯ ಮೇಲೆ ಕಪ್ಪು ಗೆರೆಗಳು ಮೂಡುತ್ತಿದ್ದವು. ಅವನ್ನು ದೀಪದ ಮುಂದೆ ಹಿಡಿದು, ಅಳತೆಪಟ್ಟಿ ಇಟ್ಟು, ನಾನು ಒಂದೊಂದೇ ಅಕ್ಷರ ಓದುವುದು, ಸಿಮಾಂವಣ್ಣ ಗೆರೆಯ ಮೇಲೆ ಬೆರಳಿಟ್ಟು ಕಾಯುವುದು. ಹೊರಗೆ ಮಳೆ, ಒಳಗೆ ನಮ್ಮಿಬ್ಬರ ಅಕ್ಷರಾಭ್ಯಾಸ. ಆ ಮಳೆಗಾಲದಷ್ಟು ಸುಖ ನನಗೆ ಮತ್ತೆ ಸಿಗಲಿಲ್ಲ.

ಮಳೆ ಮುಗಿಯುವ ಹೊತ್ತಿಗೆ ಹಂದಿಗಳ ಸಂಸಾರ ಒಡೆಯಿತು. ಒಂದು ಹಂದಿಯ ಪ್ರತಿಕಾಯದ ಜೀನು ಇಲಿ ಹೆಗ್ಗಣಗಳ ಪಕ್ಕ ಹೋಗಿ ಕೂತಿತು, ಅದು ಮುಳ್ಳುಹಂದಿ. ಮತ್ತೊಂದು ದನಕುರಿಗಳ ಕೊಟ್ಟಿಗೆ ಸೇರಿತು, ಅದು ಕುರುಹಂದಿ. ಇನ್ನೊಂದು ನಾಯಿ ಬೆಕ್ಕುಗಳ ಕಡೆಗೆ ಸರಿಯಿತು, ಅದು ಚಿಪ್ಪುಹಂದಿ. ನಿಜವಾದ ಹಂದಿಯಾಗಿ ಉಳಿದದ್ದು ಕಾಡುಹಂದಿ ಮಾತ್ರ. ಸೋರಿದ ಸ್ಪಿರಿಟ್ಟಿನಿಂದಾಗಿ, ಹೆಸರಿನ ಹಂಗಿಲ್ಲದೆ, ನಾವು ಇಡೀ ವಂಶವೃಕ್ಷವನ್ನು ನಮ್ಮ ಕಣ್ಣಿನಿಂದಲೇ ಕಂಡೆವು. ಬಾಗಿಲು ಹಾಕಿಕೊಂಡಿದ್ದ ದೇಸಾಯಿ ಸರ್ ತಾವೇ ಪೇಢೆ ತರಿಸಿ ಹಂಚಿದರು.

ಅಂದಿನಿಂದ "ಯಾವ ಹಂದಿ?" ಎಂಬುದು ಕೇಂದ್ರದ ತಮಾಷೆಯಾಯಿತು. ನಾನು ಮಧ್ಯಾಹ್ನ ಡಬ್ಬಿ ತೆಗೆದರೆ ಸಿಮಾಂವಣ್ಣ ಇಣುಕಿ ಅದನ್ನೇ ಕೇಳುವರು. ಒಳಗೆ ಬದನೆಕಾಯಿ ಎಣ್ಣೆಗಾಯಿ ಇದ್ದರೂ ನಾನು ಚಿಪ್ಪುಹಂದಿ ಎನ್ನಬೇಕು. ಅವರನ್ನು ಯಾರಾದರೂ ಕೇಳಿದರೆ ಸಿದ್ಧ ಉತ್ತರವಿತ್ತು: "ನಮ್ಮಲ್ಲಿ ನಾಕ್ ನಮೂನಿ ಅದಾವ್ರಿ." ಹೊರಗಿನವರಿಗೆ ಇದು ಅರ್ಥವಾಗುತ್ತಿರಲಿಲ್ಲ. ಅರ್ಥವಾಗಬೇಕೆಂದು ನಮಗೂ ಇರಲಿಲ್ಲ.

ಈ ತಮಾಷೆಯೇ ಅವರ ಕುತ್ತಿಗೆಗೆ ಬಂತು.

ಬಹಳ ವರ್ಷಗಳ ನಂತರದ ಮಾತು. ಗಾಜಿನ ಹಲಗೆಗಳು ಮೂಲೆ ಸೇರಿ, ಜೀನನ್ನು ಕೋಟಿಪಟ್ಟು ನಕಲು ಮಾಡುವ ಯಂತ್ರ ಕೇಂದ್ರಕ್ಕೆ ಬಂದಿತ್ತು. ಜೊಯಿಡಾ ಕಡೆಯ ಹಳ್ಳಿಯಲ್ಲಿದ್ದ ಸಿಮಾಂವಣ್ಣನ ತಂಗಿಯ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. ಇವರು ತಮ್ಮ ಮನೆಯ ಹಂದಿಯೊಂದನ್ನು ಕಡಿದು, ಮಾಂಸವನ್ನು ಸುಟ್ಟು ಹದಮಾಡಿ, ಎಲೆಯಲ್ಲಿ ಸುತ್ತಿ, ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದರು. ಅದೇ ವಾರ ಎಲ್ಲೋ ಚಿಪ್ಪುಹಂದಿಯ ಚಿಪ್ಪು ಮಾರುವವರು ಸಿಕ್ಕಿಬಿದ್ದಿದ್ದರು. ದಾರಿಯಲ್ಲಿ ಅರಣ್ಯ ಇಲಾಖೆಯ ಗೇಟಿನಲ್ಲಿ ಎಲ್ಲ ವಾಹನಗಳ ತಪಾಸಣೆ. ಚೀಲದಲ್ಲೇನು ಎಂದು ಗೇಟಿನವರು ಕೇಳಿದರು. ಹಂದಿ ಎಂದರು. ಯಾವ ಹಂದಿ ಎಂದರು.

ಹಬ್ಬದ ಖುಷಿಯಲ್ಲಿದ್ದ ಮನುಷ್ಯನ ಬಾಯಿಂದ ಅಭ್ಯಾಸಬಲದಿಂದ ಮಾತು ಬಂದುಬಿಟ್ಟಿತು. "ನಮ್ಮಲ್ಲಿ ನಾಕ್ ನಮೂನಿ ಅದಾವ್ರಿ. ಮುಳ್ಳ, ಚಿಪ್ಪ, ಕುರು, ಕಾಡ. ನಿಮಗ ಯಾವ್ದ ಬೇಕ್ರಿ?"

ಗೇಟಿನವರು ನಗಲಿಲ್ಲ. ಚಿಪ್ಪು ಎಂಬ ಮಾತು ಆ ವಾರ ಆಡುವ ಮಾತಾಗಿರಲಿಲ್ಲ. ಸಾಲದ್ದಕ್ಕೆ, ಇವರು ಸತ್ತ ಪ್ರಾಣಿಗಳನ್ನು ಹುಡುಕಿಕೊಂಡು ಓಡಾಡುವವರು ಎಂದು ಊರಿಗೆಲ್ಲ ಗೊತ್ತು. ಸುಟ್ಟು ತುಂಡುಮಾಡಿದ ಮಾಂಸ ನೋಡಿ ಯಾವ ಪ್ರಾಣಿಯದೆಂದು ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಚೀಲವನ್ನೂ ಅವರನ್ನೂ ಇಳಿಸಿಕೊಂಡರು. ಬಸ್ಸು ಮುಂದೆ ಹೋಯಿತು.

ಜಾಮೀನಿನ ಮೇಲೆ ಬಿಟ್ಟರೇನೋ ನಿಜ, ಆದರೆ ಚಿಪ್ಪುಹಂದಿ ಎಂದು ಸಾಬೀತಾದರೆ ವರ್ಷಗಟ್ಟಲೆ ಜೈಲು. ತೀರ್ಮಾನವಾಗುವವರೆಗೆ ಕೇಂದ್ರದ ಹತ್ತಿರ ಸುಳಿಯುವಂತಿಲ್ಲ, ಸುಳಿದರೆ ನಮ್ಮ ಪರವಾನಗಿಗೂ ಸಂಚಕಾರ. ನಾನು ಅವರ ಮನೆಗೆ ಹೋದೆ. ಮಾತಿಗೆ ಮುಂಚೆ ನಗುತ್ತಿದ್ದವರು ಗೋಡೆಗೆ ಒರಗಿ ಕೂತಿದ್ದರು. ಅವರ ಹೆಂಡತಿ ಲೂಸಿನ್ ಇಬ್ಬರ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದಳು. ಬೇಲಿಯಾಚೆಯವರೂ ಈಗ ಓರೆಗಣ್ಣಿನಿಂದ ನೋಡುತ್ತಾರೆ, ನಾಮಕರಣಕ್ಕೆ ಹೋದ ಮನುಷ್ಯ ಕಳ್ಳನಾಗಿ ಬಂದ ಎಂದಳು.

ವಿಚಾರಣೆಯ ಅಧಿಕಾರಿ ತಾಳ್ಮೆಯ ಮನುಷ್ಯ. ನಮ್ಮಲ್ಲಿ ಪರೀಕ್ಷೆ ಸಾಧ್ಯವೆಂದು ತಿಳಿದು ಒಪ್ಪಿದರು. ನಮ್ಮ ಮನುಷ್ಯನ ಕೇಸನ್ನು ನಾವೇ ನೋಡಿದರೆ ಯಾರು ನಂಬುತ್ತಾರೆ ಎಂದು ದೇಸಾಯಿ ಸರ್ ತಕರಾರು ತೆಗೆದರು. ಕೊನೆಗೆ ಆ ಮಾಂಸ, ಊರಹಂದಿ, ಕಾಡುಹಂದಿ, ಚಿಪ್ಪುಹಂದಿ ಎಲ್ಲದರ ಚೂರುಗಳಿಗೂ ಅಧಿಕಾರಿಯೇ ಗುರುತು ಹಾಕಿ, ಯಾವುದು ಯಾವುದೆಂಬ ಪಟ್ಟಿಯನ್ನು ತಮ್ಮಲ್ಲೇ ಇಟ್ಟುಕೊಂಡರು. ಪ್ರತಿಕಾಯದ ಜೀನು ಗುಲ್ಮದಲ್ಲಿ ದುಡಿಯುತ್ತದೆ, ಆದರೆ ಮೈಯ ಎಲ್ಲ ಕೋಶಗಳಲ್ಲೂ ಮಲಗಿರುತ್ತದೆ. ಸುಟ್ಟ ಮಾಂಸದಿಂದಲೂ ಅದನ್ನು ಎಬ್ಬಿಸಿದೆವು. ಉತ್ತರ ಬಂತು: ಹಂದಿ. ಚಿಪ್ಪುಹಂದಿ ಖಂಡಿತ ಅಲ್ಲ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಅಧಿಕಾರಿ ಓದಿ ಸಮಾಧಾನದಿಂದಲೇ ಕೇಳಿದರು, ಸರಿ, ಯಾವ ಹಂದಿ? ಕಾಡುಹಂದಿಯಾದರೂ ಅಪರಾಧವೇ. ಊರಹಂದಿಯೂ ಕಾಡುಹಂದಿಯೂ ಒಂದೇ ಕುಲ, ಬೇಲಿಯ ಒಳಗಿನದು ಹೊರಗಿನದು ಅಷ್ಟೇ. ಕೋಟಿ ವರ್ಷಗಳ ಹಿಂದೆ ಬೇರೆಯಾದವರ ಜಗಳವನ್ನು ಬಿಡಿಸುವ ನಮ್ಮ ವಿದ್ಯೆಗೆ ಈ ಬೇಲಿ ಕಾಣುತ್ತಿರಲಿಲ್ಲ. ಸುದ್ದಿ ಹೇಳಲು ಹೋದಾಗ ಸಿಮಾಂವಣ್ಣ ನನ್ನನ್ನೇ ಕೇಳಿದರು. "ಇದು ದನದ ಬಳಗ, ಇದು ನಾಯಿ ಬಳಗ ಅಂತ ಎಲ್ಲಾ ಹೇಳ್ತೀರಿ. ನನ್ನ ಮನಿ ಹಂದಿ ನನ್ನ ಮನೀದು ಅಂತ ಹೇಳಾಕ ಬರೂದಿಲ್ಲೇನ್ರಿ?"

ಬಸ್ಸಿನಲ್ಲಿ ವಾಪಸು ಬರುವಾಗ ಅದೇ ಮಾತು ತಲೆಯಲ್ಲಿ ಗುಂಯ್‌ಗುಟ್ಟುತ್ತಿತ್ತು. ದಾಂಡೇಲಿ ಬರುವ ಹೊತ್ತಿಗೆ ಹೊಳೆಯಿತು. ಪ್ರತಿ ಜೀನಿಗೂ ಎರಡು ಪ್ರತಿ, ಒಂದು ತಾಯಿಯದು, ಒಂದು ತಂದೆಯದು. ಪ್ರತಿಕಾಯದ ಜೀನಂತೂ ಒಂದೇ ಕುಲದೊಳಗೂ ಮನೆಯಿಂದ ಮನೆಗೆ ಸಣ್ಣಪುಟ್ಟ ಬದಲಾಗಿರುತ್ತದೆ. ಆ ಮಾಂಸದ ಒಂದು ಪ್ರತಿಯಲ್ಲಿ ಕೆಲವು ಅಕ್ಷರಗಳೇ ಇರಲಿಲ್ಲ. ನಮ್ಮಲ್ಲಿದ್ದ ಯಾವ ಕಾಡುಹಂದಿಯಲ್ಲೂ ಆ ಕೊರತೆ ಕಂಡಿರಲಿಲ್ಲ. ಕಡಿದ ಹಂದಿಯ ತಾಯಿ ಗೂಡಿನಲ್ಲಿದ್ದರೆ ಅದರ ರಕ್ತ ನೋಡಬಹುದಿತ್ತು. ಲೂಸಿನ್‌ಗೆ ಹೇಳಿಕಳಿಸಿದೆ.

ನಾವೇ ಹಳ್ಳಿಗೆ ಹೋಗುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಊರಿಗೆ ಊರೇ ತಿರುಗಿ ನೋಡುವಂತೆ ಕಿರುಚುತ್ತ ಟಂಟಂ ಆಟೋ ಒಂದು ಕೇಂದ್ರದ ಗೇಟಿನೊಳಗೆ ಬಂತು. ಹಿಂದೆ ಹಗ್ಗ ಕಟ್ಟಿದ ಭಾರಿ ಹೆಣ್ಣುಹಂದಿ, ಅದರ ಪಕ್ಕದಲ್ಲಿ ಲೂಸಿನ್. ಅಧಿಕಾರಿಗಳು ಜೀಪು ತಗೊಂಡು ಮನೆಗೆ ಬಂದರೆ ಊರಲ್ಲಿ ಇನ್ನೊಂದು ಸುದ್ದಿಯಾಗುತ್ತದೆ, ಅದಕ್ಕೇ ನಾನೇ ತಂದೆ ಎಂದಳು. ಅಧಿಕಾರಿಗೆ ಫೋನು ಮಾಡಿದೆವು, ಅವರೂ ಬಂದು ನಿಂತರು. ದೇಸಾಯಿ ಸರ್ ಸೂಜಿ ಹಿಡಿದು ಕಿವಿಯ ನರ ಹುಡುಕತೊಡಗಿದರು. ಆದರೆ ಆ ಹಂದಿಯನ್ನು ಹಿಡಿದು ನಿಲ್ಲಿಸುವ ಕೈ ಇದ್ದ ಒಬ್ಬನೇ ಒಬ್ಬ ಮನುಷ್ಯ ಕೇಂದ್ರದೊಳಗೆ ಕಾಲಿಡುವಂತಿರಲಿಲ್ಲ. ಉಳಿದವರೆಲ್ಲ ಗೋಡೆಗೆ ಅಂಟಿಕೊಂಡರು. ಲೂಸಿನ್ ಕುತ್ತಿಗೆ ತಬ್ಬಿದಳು. ನಾನು ಸೆರಗು ಸಿಕ್ಕಿಸಿ, ಅಂಗಳದಲ್ಲಿ ಮಂಡಿಯೂರಿ, ಹಂದಿಯ ಎರಡೂ ಹಿಂಗಾಲುಗಳನ್ನು ಎದೆಗೆ ಅವುಚಿಕೊಂಡೆ. ಸತ್ತ ಪ್ರಾಣಿಗಳ ಡಾಕ್ಟರು ಬದುಕಿರುವ ಹಂದಿಯನ್ನು ಮುಟ್ಟಿದ್ದು ಅದೇ ಮೊದಲು. ಅದು ನನ್ನನ್ನು ಅಂಗಳದ ತುಂಬ ಎಳೆದಾಡಿತು, ನಾನು ಬಿಡಲಿಲ್ಲ. ಆ ಸಂಜೆ ಅವ್ವ ನನ್ನ ಸೀರೆ ನೋಡಿ, ಇನ್ನೊಂದು ಹಂಡೆ ನೀರು ಕಾಯಿಸಲು ಒಲೆಗೆ ಕಟ್ಟಿಗೆ ಹಾಕಿದಳು. ಆಗಲೂ ಏನನ್ನೂ ಕೇಳಲಿಲ್ಲ.

ತಾಯಿ ಹಂದಿಯಲ್ಲೂ ಅದೇ ಜಾಗದಲ್ಲಿ ಅದೇ ಅಕ್ಷರಗಳು ಕಾಣೆಯಾಗಿದ್ದವು. ಅಧಿಕಾರಿಯ ಮಾತಿನಂತೆ ಬೇರೊಂದು ಪ್ರಯೋಗಾಲಯಕ್ಕೂ ಕಳಿಸಿದೆವು, ಅವರೂ ಅದನ್ನೇ ಹೇಳಿದರು. ಖಂಡಿತ ಎಂದು ಬರೆಯಿರಿ ಎಂದು ನಾನು ಸರ್ ಬಳಿ ವಾದಿಸಿದೆ. ಅವರು "ಈ ಹೆಣ್ಣುಹಂದಿಯ ಮರಿಯಾಗಿರುವ ಸಾಧ್ಯತೆ ಬಹಳ ಹೆಚ್ಚು" ಎಂದಷ್ಟೇ ಬರೆದರು. ನನಗೆ ಸಿಟ್ಟು ಬಂತು. ಈಗ ಯೋಚಿಸಿದರೆ, ಅವರು ಎಂದೂ ಹೆಚ್ಚು ಹೇಳದ ಮನುಷ್ಯರಾದ್ದರಿಂದಲೇ ಅಷ್ಟು ಸಾಕಾಯಿತು ಅನ್ನಿಸುತ್ತದೆ. ಕೇಸು ಕೈಬಿಟ್ಟರು.

ಸಿಮಾಂವಣ್ಣ ಕೆಲಸಕ್ಕೆ ಮರಳುವ ದಿನ ಲೂಸಿನ್ ಕೂಡ ಜೊತೆಗೆ ಬಂದಿದ್ದಳು. ನಾನು ಕುಣಿಯುವಷ್ಟು ಖುಷಿಯಲ್ಲಿದ್ದೆ. ಅವರು ಮಾತ್ರ ಮೆಟ್ಟಿಲ ಮೇಲೆ ಕೂತು ಅಂಗಳವನ್ನೇ ನೋಡುತ್ತಿದ್ದರು. ಒಳಗೆ ಬರಲು ಕರೆದೆ, ಏಳಲಿಲ್ಲ.

"ಬಾಯಾರ, ನಾ ಹಂದಿ ಅಂತ ಹೇಳಿದಾಗ ಯಾರೂ ನಂಬಲಿಲ್ಲ," ಎಂದರು. "ಹಂದಿ ಬಂದು ಹೇಳಿದ ಮ್ಯಾಲೆ ಎಲ್ಲಾರೂ ನಂಬಿದ್ರು."

ಮಾತು ನಿಜವಾಗಿತ್ತು. ಲೂಸಿನ್ ಗಂಡನ ಕಡೆ ತಿರುಗಿದಳು.

"ಎಲ್ಲಾರೂ ಅನಬ್ಯಾಡ್ರಿ. ನಿಮ್ಮ ಸಲುವಾಗಿ ಬಾಯಾರು ಹಂದಿ ಕಾಲ ಹಿಡದಾರ."

ಸಿಮಾಂವಣ್ಣ ತಲೆ ಎತ್ತಿ ನನ್ನನ್ನು ನೋಡಿದರು. ಅತ್ತೇಬಿಡುತ್ತಾರೆ ಅಂದುಕೊಂಡೆ, ಆದರೆ ಬಂದದ್ದು ನಗು. ನಗುತ್ತಲೇ ಕಣ್ಣೊರೆಸಿಕೊಂಡು ಎದ್ದು ಒಳಗೆ ಬಂದರು.